ಕುರಿ ಹಾಲು ಕುಡಿದು ಬೆಳೆದ ನಾಯಿ

ಸೊಸೆ ಬಂದಳು. ಕೂಸಿನ ಸಮೇತ ಬಂದಳು, ಇಲ್ಲೇ ಇರುತ್ತೇನೆ ಅಂದಳು. ಇದಕ್ಕಿಂತ ದೊಡ್ಡ ಸುದ್ದಿ ನನ್ನ ಆಯುಷ್ಯದಲ್ಲಿ ನಾನು ಕೇಳಿಲ್ಲ, ಅದಕ್ಕೇ ಮೊದಲು ಅದನ್ನೇ ಬರೆದೆ. ನಾನು ಅಜ್ಜನಾಗಿ ಆಗಲೇ ತಿಂಗಳುಗಳಾಗಿದ್ದವು. ಆದರೆ ಮೊಮ್ಮಗಳ ಮುಖ ನೋಡಿದ್ದು ಆ ದಿನವೇ. ತೊಟ್ಟಿಲಿಗೆ ಹಾಕುವ ದಿನ ಮನೆಯ ಹೆಂಗಸರೆಲ್ಲ ಬೀಗರ ಊರಿಗೆ ಹೋಗಿ ಬಂದಿದ್ದರು, ನಾನು ಹೋಗಿರಲಿಲ್ಲ. ನಾಯಿಯನ್ನು ಬಿಟ್ಟು ಹೋಗುವ ಹಾಗಿರಲಿಲ್ಲ. ಈಗ ಕೂಸು ನನ್ನ ಮಡಿಲಲ್ಲಿ ಕೂತು ಮೀಸೆ ಹಿಡಿದು ಜಗ್ಗಿತು. ಕಣ್ಣಲ್ಲಿ ನೀರು ಬಂತು. ಮೀಸೆ ಜಗ್ಗಿದ್ದಕ್ಕೆ ಬಂದ ನೀರು ಅಂತ ಎಲ್ಲರಿಗೂ ಹೇಳಿದೆ.

ಆ ಹೊತ್ತಿಗೆ ನಾಯಿ ನಮ್ಮ ಬೇಲಿಯ ಒಳಗೇ ಮಲಗಿತ್ತು. ಕೊರಳಲ್ಲಿ ಸರಪಳಿ ಇರಲಿಲ್ಲ. ಇದೂ ಸುದ್ದಿಯೇ. ಎರಡೂ ಸೇರಿ ಒಂದೇ ಸುದ್ದಿ ಅನ್ನಬೇಕು. ಅದು ಹೇಗೆ ಅಂತ ತಿಳಿಯಬೇಕಾದರೆ ಹಿಂದಿನ ವರ್ಷದ್ದನ್ನೆಲ್ಲ ಹೇಳಬೇಕಾಗುತ್ತದೆ. ಅದು ನೆನೆಸುವಂಥ ವರ್ಷವಲ್ಲ.

ಮುಧೋಳ ಸಂಸ್ಥಾನ ಹೋಗಿ ಬೊಂಬಾಯಿ ಸರಕಾರ ಬಂದು ಕೆಲವು ವರ್ಷಗಳಾಗಿದ್ದವು. ನಮ್ಮದು ರನ್ನ ಬೆಳಗಲಿಯ ಕಡೆಯ ಹೊಲ. ಕೆಳಗೆ ಹಳ್ಳ, ಮೇಲೆ ಮಡ್ಡಿ ಅನ್ನುವ ಕಲ್ಲು ದಿಬ್ಬ, ನಡುವೆ ಕಪ್ಪು ಎರೆ ಭೂಮಿ. ಹಂಚಿಕೊಳ್ಳದೆ ಉಳಿದ ಹಿರಿಯರ ಆಸ್ತಿ, ಹಾಗಾಗಿ ಬಹಳ ದೊಡ್ಡದು. ಹಳ್ಳದ ದಂಡೆಯಲ್ಲಿ ನಿಂತು ಕೂಗಿದರೆ ಮಡ್ಡಿಯ ತಲೆಯ ಮೇಲಿದ್ದವನಿಗೆ ಕೇಳುತ್ತಿರಲಿಲ್ಲ. ನಾವು ಬೀರಪ್ಪನ ಒಕ್ಕಲು, ಕುರಿ ಕಾಯುವವರು. ಬೇಸಾಯ ಇತ್ತು, ಆದರೆ ಮನೆಯ ಮಾನ ಇದ್ದದ್ದು ಕುರಿ ಹಿಂಡಿನಲ್ಲಿ. ನನಗೆ ಮೊಣಕಾಲು ಹಿಡಿದ ಮೇಲೆ ಹಿಂಡನ್ನು ನನ್ನ ಒಬ್ಬನೇ ಮಗ ನೋಡಿಕೊಳ್ಳುತ್ತಿದ್ದ. ಸುಗ್ಗಿ ಮುಗಿದ ಕೂಡಲೇ ಹಿಂಡು ಹೊಡೆದುಕೊಂಡು ಜಮಖಂಡಿಯ ಕಡೆ ಹೊರಡುತ್ತಿದ್ದ. ಅಲ್ಲಿಂದ ಮುಂದೆ ಚಿಕ್ಕಪಡಸಲಗಿಯ ಹತ್ತಿರ ಕೃಷ್ಣಾ ಹೊಳೆಯ ದಂಡೆಯವರೆಗೆ. ದಾರಿಯಲ್ಲಿ ರೈತರು ಕರೆದ ಹೊಲದಲ್ಲಿ ಕುರಿ ತರುಬುತ್ತಿದ್ದ. ತರುಬುವುದು ಅಂದರೆ ರಾತ್ರಿ ಹಿಂಡನ್ನು ಆ ಹೊಲದಲ್ಲೇ, ಹೊತ್ತು ಒಯ್ಯುವಂಥ ಬಿದಿರಿನ ತಟ್ಟಿಗಳನ್ನು ಸುತ್ತ ಕಟ್ಟಿ, ಕೂಡುವುದು. ಹೊಲಕ್ಕೆ ಗೊಬ್ಬರ ಆಗುತ್ತದೆ, ರೈತ ಜೋಳ ಕೊಡುತ್ತಾನೆ. ಹೀಗೆ ತಟ್ಟಿ ಕಟ್ಟಿದ ಜಾಗಕ್ಕೆ ನಾವು ದಡ್ಡಿ ಅನ್ನುತ್ತೇವೆ. ಒಂದು ಹೊಲದಲ್ಲಿ ಕೆಲವು ರಾತ್ರಿ, ಆಮೇಲೆ ತಟ್ಟಿ ಬಿಚ್ಚಿ ಮುಂದಿನ ಹೊಲ.

ನಾಯಿ ಮಗನ ಜೊತೆಗೆ ಹೋಗುತ್ತಿತ್ತು. ನಮ್ಮ ಸೀಮೆಯ ಬೇಟೆ ನಾಯಿ, ಉದ್ದ ಕಾಲು, ಸಪೂರ ಹೊಟ್ಟೆ, ಓಡಿದರೆ ನೆಲ ಮುಟ್ಟಿತೋ ಇಲ್ಲವೋ ಅನ್ನಬೇಕು. ಹಿಂಡಿಗಾಗಿ ನಾಯಿ ಬೆಳೆಸುವುದಕ್ಕೆ ನಮ್ಮಲ್ಲಿ ಒಂದು ರೀತಿ ಇದೆ. ಮರಿ ಕಣ್ಣು ಬಿಡುತ್ತಲೇ ಅದನ್ನು ದಡ್ಡಿಗೆ ಒಯ್ಯುತ್ತೇವೆ, ಮನೆಯ ಹೊಸ್ತಿಲು ತೋರಿಸುವುದಿಲ್ಲ. ಕುರಿಯ ಹಾಲು ಹಿಂಡಿ ಕುಡಿಸುತ್ತೇವೆ, ಕುರಿಮರಿಗಳ ನಡುವೆ ಮಲಗಿಸುತ್ತೇವೆ. ದೊಡ್ಡದಾದ ಮೇಲೆ ಅದಕ್ಕೆ ಊರು, ಮನೆ ಅಂತ ಏನೂ ಇರುವುದಿಲ್ಲ. ಹಿಂಡು ಎಲ್ಲಿ ಇದೆಯೋ ಅದೇ ಮನೆ.

ಆ ವರ್ಷ ಯುಗಾದಿಗೆ ಮುಂಚೆ ಹೊಳೆಯ ದಂಡೆಯ ಒಂದು ಹೊಲದಲ್ಲಿ ಮಗನಿಗೆ ಜ್ವರ ಬಂತು. ಎರಡು ದಿನ ಅಲ್ಲಿನ ಬೇವಿನ ಮರದ ಬುಡದಲ್ಲಿ ಕಂಬಳಿ ಹೊದ್ದು ಮಲಗಿದನಂತೆ. ಮೂರನೆಯ ದಿನ ಏಳಲಿಲ್ಲ. ಹೊಲದ ರೈತರು ಹತ್ತಿರ ಹೋದರೆ ನಾಯಿ ಬಿಡಲಿಲ್ಲವಂತೆ. ಹೇಗೋ ಅದನ್ನು ಹಗ್ಗ ಹಾಕಿ ಆ ಮರಕ್ಕೇ ಕಟ್ಟಿ, ಇವನನ್ನು ಚಕ್ಕಡಿ ಗಾಡಿಯಲ್ಲಿ ಮಲಗಿಸಿ ನಮ್ಮಲ್ಲಿಗೆ ತಂದರು. ನಮ್ಮದೇ ಹೊಲದ ಮೂಲೆಯಲ್ಲಿ, ಮಡ್ಡಿ ಏರುವ ಕಡೆ, ಮಣ್ಣು ಕೊಟ್ಟೆವು. ಇದಕ್ಕಿಂತ ಹೆಚ್ಚು ಬರೆಯುವುದು ನನ್ನಿಂದ ಆಗುವುದಿಲ್ಲ.

ನನ್ನ ತಮ್ಮ ಹೊಳೆಯ ದಂಡೆಗೆ ಹೋಗಿ ಹಿಂಡನ್ನೂ ನಾಯಿಯನ್ನೂ ಮನೆಗೆ ತಂದ. ಹಿಂಡನ್ನು ತನ್ನ ಹಿಂಡಿಗೆ ಕೂಡಿಸಿಕೊಂಡು ಬೇರೆ ಕಡೆ ಹೊಡೆದುಕೊಂಡು ಹೋದ. ನಾಯಿಯನ್ನೂ ಒಯ್ಯುವವನಿದ್ದ. ಸೊಸೆ ಬೇಡ ಅಂದಳು. ಆಗ ಅವಳು ಬಸುರಿ. ಮಣ್ಣಿನ ದಿನವೂ ಹೆಚ್ಚು ಅತ್ತವಳಲ್ಲ, ಯಾರಿಗೂ ಏನೂ ಕೇಳಿದವಳಲ್ಲ. ಕೇಳಿದ್ದು ಅದೊಂದನ್ನೇ. ಹಾಗಾಗಿ ನಾಯಿ ಮನೆಯಲ್ಲಿ ಉಳಿಯಿತು. ಶ್ರಾವಣ ಮುಗಿಯುತ್ತಿದ್ದಂತೆ ಅವಳ ತಂದೆ ಬಾಣಂತನಕ್ಕೆ ಕರೆದುಕೊಂಡು ಹೋಗಲು ಬೀಳಗಿಯ ಕಡೆಯಿಂದ ಬಂದರು. ಚಕ್ಕಡಿ ಹತ್ತುವ ಮುಂಚೆ ಅವಳು ನನ್ನ ಹತ್ತಿರ ಬಂದು ನಿಂತಳು.

"ಮಾವಾರ, ಅದನ್ನ ಎಲ್ಲೂ ಹೋಗಾಕ ಬಿಡಬ್ಯಾಡ್ರಿ. ನಾ ಬರೂತನಕಾ ಇರಲಿ. ಅವರದು ಅಂತ ಉಳದದ್ದು ಅದೊಂದ."

ಇರುತ್ತದೆ ಹೋಗು ತಾಯಿ, ಅಂದೆ. ಅವಳು ಚಕ್ಕಡಿ ಹತ್ತಿದ ಮೇಲೆ ಬೀಗರು ನನ್ನನ್ನು ಒಂದು ಕಡೆ ಕರೆದು, ಹುಡುಗಿಗೆ ಇನ್ನೂ ಹರೆಯ, ಮುಂದೆ ಏನು ಅಂತ ನಾವೂ ವಿಚಾರ ಮಾಡಬೇಕಲ್ಲ ಅಂದರು. ಉಡಿಕಿಯ ಮಾತು ಅಂತ ಅರ್ಥವಾಯಿತು. ಗಂಡ ಸತ್ತವಳಿಗೆ ಇನ್ನೊಬ್ಬನ ಜೊತೆ ಮದುವೆ ಮಾಡುವುದು ನಮ್ಮಲ್ಲಿ ಇದೆ, ಅದರಲ್ಲಿ ತಪ್ಪೂ ಇಲ್ಲ. ನನಗೆ ಮಗಳಿದ್ದು ಅವಳಿಗೆ ಹೀಗಾಗಿದ್ದರೆ ನಾನೂ ಅದನ್ನೇ ಅನ್ನುತ್ತಿದ್ದೆ. ಆದರೆ ಹಾಗಾದರೆ ನನ್ನ ಮಗನ ಕೂಸು ಬೇರೆಯವರ ಅಂಗಳದಲ್ಲಿ ಬೆಳೆಯುತ್ತದೆ. ಅವಳು ಬರೂತನಕಾ ಅಂದದ್ದನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ನಾಯಿ ಇರುವವರೆಗೆ ಅವಳು ಬರುವವಳು, ನಾಯಿ ಹೋದರೆ ಅವಳಿಗೆ ಇಲ್ಲಿ ಏನಿದೆ, ಅಂತ ತಲೆಯಲ್ಲಿ ಕೂತುಬಿಟ್ಟಿತು.

ನಾಯಿ ಮಾತ್ರ ನಿಲ್ಲಲಿಲ್ಲ. ಬೆಳಿಗ್ಗೆ ನೋಡಿದರೆ ಇರುತ್ತಿತ್ತು, ರೊಟ್ಟಿ ಹಾಕುವ ಹೊತ್ತಿಗೆ ಇರುತ್ತಿರಲಿಲ್ಲ. ಸಂಜೆಗೆ ಯಾರಾದರೂ ದಾರಿಯಲ್ಲಿ ನೋಡಿದೆ ಅಂತ ಹೇಳುವರು, ನಾನು ಕುಂಟುತ್ತ ಹೋಗಿ ಹಗ್ಗ ಹಾಕಿ ತರುವೆ. ಮೊದಲು ಮೊಲ ಕಂಡು ಓಡುತ್ತಿದೆ ಅಂದುಕೊಂಡೆ. ತುಡುಗು ದನಕ್ಕೆ ಕಟ್ಟುವ ಹಾಗೆ ಕೊರಳಿಗೆ ಒಂದು ಕೊರಡು ಇಳಿಬಿಟ್ಟೆ. ಓಡಲು ಹೋದರೆ ಮುಂಗಾಲಿಗೆ ಬಡಿಯಬೇಕು. ಬಡಿಯಿತು, ಕಾಲು ಬಾತವು, ಆದರೂ ಬಡಿಸಿಕೊಳ್ಳುತ್ತಲೇ ಹೋಯಿತು. ನನ್ನ ಹೆಂಡತಿ ಅದರ ಕಾಲಿಗೆ ಅರಿಶಿನ ಹಚ್ಚುತ್ತ ನನಗೆ ಕೇಳುವ ಹಾಗೆ ಅಂದಳು.

"ನಾಯೀಗಿ ಕೊರಡ ಆತು. ನಾಳಿ ನಾ ಸಂತೀಗಿ ಹೊಂಟ್ರ ನನಗೂ ಒಂದ ಕಟ್ಟತಾರ."

ಕೊರಡು ಬಿಚ್ಚಿದೆ. ಜಾಲಿಯ ಮುಳ್ಳು ಕಡಿಸಿ ಹಳ್ಳದಿಂದ ಮಡ್ಡಿಯವರೆಗೆ ಬೇಲಿ ಹಾಕಿಸಲು ಹತ್ತಿದೆ. ಅಷ್ಟು ದೊಡ್ಡ ಹೊಲಕ್ಕೆ ಬೇಲಿ ಅಂದರೆ ಮುಗಿಯುವ ಕೆಲಸವೇ ಅಲ್ಲ. ಒಂದು ಕಡೆ ಕಟ್ಟುವುದರೊಳಗೆ ಇನ್ನೊಂದು ಕಡೆ ಗೆದ್ದಲು ತಿಂದು ಮಲಗುತ್ತಿತ್ತು. ಬೇಲಿ ಇದ್ದ ಕಡೆ ನಾಯಿ ಹಾರುತ್ತಿತ್ತು. ಆಮೇಲೆ ಸರಪಳಿ ಹಾಕಿದೆ. ಸರಪಳಿಯಲ್ಲಿ ಅದು ತಣ್ಣಗೆ ಕೂತಿತು, ಆದರೆ ತಿನ್ನುವುದನ್ನು ಬಿಟ್ಟಿತು. ಹಾಲು ಅನ್ನ ಇಟ್ಟರೆ ಮೂಸಿ ಮುಖ ತಿರುಗಿಸುತ್ತಿತ್ತು. ಮೊದಲೇ ಸಪೂರ ಜಾತಿ, ಪಕ್ಕೆಲುಬು ಎಣಿಸುವ ಹಾಗಾಯಿತು. ಕಟ್ಟಿದರೆ ಸಾಯುತ್ತದೆ, ಬಿಟ್ಟರೆ ಹೋಗುತ್ತದೆ. ಅದೇ ಹೊತ್ತಿಗೆ ಜಮಖಂಡಿಯ ಪೇಟೆಯಲ್ಲಿ ಹುಚ್ಚು ನಾಯಿಯ ಹೆದರಿಕೆ ಹಬ್ಬಿ, ತಿರುಗುವ ನಾಯಿಗಳಿಗೆ ವಿಷದ ಉಂಡೆ ಹಾಕುತ್ತಿದ್ದಾರೆ ಅಂತ ಸುದ್ದಿ ಬಂತು. ಹೆಣ್ಣುಮಗು ಹುಟ್ಟಿದ ಸುದ್ದಿಯೂ ಆ ವಾರದಲ್ಲೇ ಬಂತು. ಸಕ್ಕರೆ ಹಂಚಿದೆ. ಬಾಯಿ ಸಿಹಿಯಾಗಲಿಲ್ಲ.

ನನ್ನ ಮನೆಯವಳು ತೊಟ್ಟಿಲಿಗೆ ಹೋಗಿ ಬಂದು ಕೂಸಿನ ಬಣ್ಣ, ಮೂಗು, ಕೈಬೆರಳು ಎಲ್ಲ ಹೇಳಿದಳು. ಕೊನೆಗೆ, ಯಾರೋ ಹೆಂಡತಿ ಸತ್ತವನ ಸಂಬಂಧ ಮಾತಾಡುತ್ತಿದ್ದಾರೆ ಅಂತಲೂ ಹೇಳಿದಳು. ಸೊಸೆ ಏನಂದಳು ಅಂತ ಕೇಳಿದೆ. ಅವಳು ನಾಯಿ ಹೇಗಿದೆ ಅಂತ ಕೇಳಿದಳಂತೆ. ಚೆನ್ನಾಗಿದೆ ಅಂತ ಇವಳು ಸುಳ್ಳು ಹೇಳಿ ಬಂದಿದ್ದಳು. ಇಲ್ಲಿ ನೋಡಿದರೆ, ಇವಳು ತಿರುಗಿ ಬರುವ ಹಿಂದಿನ ದಿನವೇ ನಾಯಿ ಸರಪಳಿಯ ಗೂಟ ಕಿತ್ತುಕೊಂಡು ಹೋಗಿತ್ತು. ನಾನು ಹತ್ತಿರದ ಹಳ್ಳಿಗಳನ್ನೆಲ್ಲ ಹುಡುಕಿ, ಕಾಲು ಎತ್ತಿಡಲಾಗದೆ ಕೂತಿದ್ದೆ.

ಚಕ್ಕಡಿ ಕಟ್ಟಿಸಿಕೊಂಡು ಹೊರಟೆ. ದಾರಿಯಲ್ಲಿ ಕೇಳುತ್ತ ಹೋದೆ. ಮೊದಲ ಊರಿನಲ್ಲಿ, ನಿಮ್ಮ ಹುಡುಗ ಕುರಿ ತರುಬುತ್ತಿದ್ದ ಹೊಲದಲ್ಲಿ ಮೊನ್ನೆ ಕಂಡೆವು ಅಂದರು. ಎರಡನೆಯ ಊರಿನಲ್ಲೂ ಅದೇ ಮಾತು. ಸರಪಳಿ ಎಳೆಯುತ್ತ ಹೋಗುತ್ತಿತ್ತು, ಕರೆದರೆ ತಿರುಗಿ ನೋಡಲಿಲ್ಲ ಅಂದರು. ನಾಯಿ ಎಲ್ಲಿಗೆ ಹೊರಟಿದೆ ಅಂತ ನನಗೆ ಗೊತ್ತಾಗಿ ಹೋಗಿತ್ತು. ಪೇಟೆಯ ಹೊರಗೆ ಹಾಯುವಾಗ ದಾರಿಯ ಎರಡೂ ಕಡೆ ನೋಡುತ್ತ, ಸತ್ತು ಬಿದ್ದಿರದಿದ್ದರೆ ಸಾಕು ಬೀರಪ್ಪ, ಅಂದುಕೊಳ್ಳುತ್ತ ಹೋದೆ.

ಹೊಳೆಯ ದಂಡೆಯ ಆ ಹೊಲಕ್ಕೆ ನಾನು ಅಲ್ಲಿಯವರೆಗೆ ಹೋಗಿರಲಿಲ್ಲ. ಹೋಗುವ ಧೈರ್ಯ ಇರಲಿಲ್ಲ. ಹಿಂಗಾರಿ ಜೋಳ ಮೊಣಕಾಲೆತ್ತರ ಎದ್ದಿತ್ತು. ಹೊಲದ ಮಾಲಕ ನನಗಿಂತ ಹಿರಿಯ, ಬದುವಿನ ಮೇಲೆ ಕೂತಿದ್ದ. ನಾನು ಯಾರು ಅಂತ ಹೇಳುವ ಮುಂಚೆಯೇ ಎದ್ದು ನನ್ನ ಕೈ ಹಿಡಿದ.

"ಐತ್ರಿ, ಇಲ್ಲೇ ಐತಿ. ನಾವೇನ್ ಬಡದಿಲ್ಲ. ಬೆಳಿ ತುಳದ್ರ ತುಳೀಲಿ ಅಂತ ಬಿಟ್ಟೇವ್ರಿ."

ನಾಯಿ ಬೆಳೆಯ ನಡುವೆ ಇತ್ತು. ನಾನು ಮಗ ಮಲಗಿದ್ದ ಬೇವಿನ ಮರದ ಬುಡದಲ್ಲಿ ಇದ್ದೀತು ಅಂದುಕೊಂಡಿದ್ದೆ. ಅಲ್ಲಿ ಇರಲಿಲ್ಲ. ಮರದಿಂದ ದೂರ, ಹೊಲದ ನಡುಮಧ್ಯೆ ಒಂದು ಸುತ್ತು ಹಾಕುತ್ತಿತ್ತು. ದೊಡ್ಡ ಸುತ್ತು, ಜೋಳ ತುಳಿದು ಹಾದಿ ಬಿದ್ದಿತ್ತು. ಸುತ್ತು ಮುಗಿದ ಮೇಲೆ ಒಂದು ಕಡೆ ಮಲಗಿತು, ಹೊರಗೆ ಮುಖ ಮಾಡಿ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಮತ್ತೆ ಸುತ್ತು ಹಾಕಿತು, ಇನ್ನೊಂದು ಮಗ್ಗುಲಲ್ಲಿ ಮಲಗಿತು, ಮತ್ತೆ ಹೊರಗೆ ಮುಖ.

ಕುರಿ ಕಾಯದವನು ನೋಡಿದ್ದರೆ ನಾಯಿಗೆ ಹುಚ್ಚು ಹಿಡಿದಿದೆ ಅನ್ನುತ್ತಿದ್ದ. ನಾನು ಆಯುಷ್ಯವಿಡೀ ದಡ್ಡಿಯಲ್ಲಿ ಮಲಗಿದವನು. ಆ ಸುತ್ತು ದಡ್ಡಿಯ ತಟ್ಟಿಯ ಗುರುತು. ಹಿಂಡಿನ ನಾಯಿ ಕುರಿಗೆ ಬೆನ್ನು ಕೊಟ್ಟು ಕತ್ತಲಿಗೆ ಮುಖ ಮಾಡಿ ಮಲಗುತ್ತದೆ, ತೋಳ ಬರುವುದು ಹೊರಗಿನಿಂದಲ್ಲವೇ. ತಟ್ಟಿ ಇಲ್ಲ, ಕುರಿ ಇಲ್ಲ, ಇದು ಮಾತ್ರ ಕಾಯುತ್ತಿದೆ. ನಾವು ಅದನ್ನು ಮನೆಯಲ್ಲಿ ಇಟ್ಟುಕೊಂಡಿದ್ದೇವೆ ಅಂದುಕೊಂಡಿದ್ದೆವು. ಅದರ ಲೆಕ್ಕದಲ್ಲಿ ನಾವು ಅದನ್ನು ಮನೆ ಬಿಡಿಸಿ ತಂದು ಅಂಗಳದಲ್ಲಿ ಕಟ್ಟಿದ್ದೆವು. ಕುರಿ ಹಾಲು ಕುಡಿಸಿ ಬೆಳೆಸಿದವರೇ ನಾವು, ನಮಗೇ ತಿಳಿಯಲಿಲ್ಲ. ದುಃಖದಲ್ಲಿ ಇದ್ದ ಮನೆ, ಎಲ್ಲರೂ ಅದು ಅವನನ್ನೇ ಹುಡುಕುತ್ತದೆ ಅಂದೆವು. ಅವನನ್ನೂ ಹುಡುಕಿರಬಹುದು. ಅದನ್ನು ಯಾರು ಬಲ್ಲರು.

ಆ ರೈತ ರೊಟ್ಟಿ ಮೊಸರು ಕೊಟ್ಟ. ಬದುವಿನ ಮೇಲೆ ಕೂತು ಉಂಡೆ. ಮಗ ಕೊನೆಯ ಎರಡು ದಿನ ಏನಾದರೂ ಅಂದನೇ ಅಂತ ಕೇಳಬೇಕೆಂದಿದ್ದೆ, ಕೇಳಲಿಲ್ಲ. ನಾಯಿಯನ್ನು ಚಕ್ಕಡಿಗೆ ಹತ್ತಿಸಿಕೊಂಡು ತಿರುಗಿದೆ.

ಮನೆಗೆ ಬಂದವನು ತಮ್ಮನಿಗೆ ಹೇಳಿ ಕಳಿಸಿದೆ. ಹಾಲು ಕೊಡುವ ಕೆಲವು ಕುರಿ, ಅವುಗಳ ಮರಿ, ಕಟ್ಟುವಷ್ಟು ತಟ್ಟಿ, ಇಷ್ಟು ಬೇಕು ಅಂದೆ. ಅವನೇ ಹೊಡೆದುಕೊಂಡು ಬಂದ. ಯಾತಕ್ಕೆ ಅಂತ ಕೇಳಿ, ನಾನು ಹೇಳಿದ್ದನ್ನು ಕೇಳಿಸಿಕೊಂಡು ಬಹಳ ಹೊತ್ತು ನಕ್ಕ. ಮಗ ಹೋದ ಮೇಲೆ ನಮ್ಮ ಅಂಗಳದಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು.

"ಮಂದಿ ಕುರಿ ಕಾಯಾಕ ನಾಯಿ ಇಡತಾರ. ನೀ ನಾಯಿ ಕಾಯಾಕ ಕುರಿ ಇಡಾಕತ್ತಿಯಲ್ಲೋ ಅಣ್ಣಾ."

ಹಳ್ಳದ ಹತ್ತಿರ ಬೀಳು ಬಿದ್ದ ತುಂಡಿನಲ್ಲಿ ತಟ್ಟಿ ಕಟ್ಟಿ ಕುರಿ ಕೂಡಿದೆವು. ನಾಯಿಯನ್ನು ಬಿಚ್ಚಿದೆ. ಅದು ಕುರಿಗಳ ನಡುವೆ ಹೋಗಿ ಒಂದೊಂದನ್ನೇ ಮೂಸಿತು, ಸುತ್ತು ಹಾಕಿತು, ಮಲಗಿತು. ಆ ಸಂಜೆ ನುಚ್ಚು ಇಟ್ಟರೆ ತಿಂದಿತು. ನಾನು ಗೆದ್ದೆ ಅಂದುಕೊಂಡೆ. ಕೆಲವು ದಿನ ಸರಿಯಿತ್ತು, ಆಮೇಲೆ ಮತ್ತೆ ಎದ್ದು ನಿಂತು ದಾರಿಯ ಕಡೆ ನೋಡಲು ಹತ್ತಿತು. ಕಿವಿ ಎತ್ತಿ, ಒಂದು ಕಾಲು ಮುಂದೆ ಇಟ್ಟು. ಯಾಕೆ ಅಂತ ಕೂತು ವಿಚಾರ ಮಾಡಿದೆ. ದಡ್ಡಿ ಒಂದೇ ಜಾಗದಲ್ಲಿ ಇರುವುದುಂಟೇ? ನೆಲ ಉಚ್ಚೆ ಹಿಕ್ಕೆಯಿಂದ ತುಂಬಿದ ಮೇಲೆ ತಟ್ಟಿ ಬಿಚ್ಚಿ ಹೊರಡಬೇಕು. ನಾಯಿ ಹೊರಡುವುದನ್ನು ಕಾಯುತ್ತಿತ್ತು, ನಾವು ಹೊರಡಲಿಲ್ಲ, ಅದಕ್ಕೇ ದಾರಿ ನೋಡುತ್ತಿತ್ತು.

ಮರುದಿನ ತಟ್ಟಿ ಬಿಚ್ಚಿ ಇನ್ನೊಂದು ತುಂಡಿನಲ್ಲಿ ಕಟ್ಟಿದೆ. ಅಲ್ಲಿಂದ ಮುಂದಿನ ತುಂಡು. ಹೀಗೆ ನಮ್ಮ ಬೇಲಿಯ ಒಳಗೇ ವಲಸೆ ಹೊರಟೆವು, ನಾನು, ನಾಯಿ, ಆ ನಾಲ್ಕು ಕುರಿ. ಬೆಳೆ ಇದ್ದ ಕಡೆ ಬಿಟ್ಟು ಬೀಳಿನಲ್ಲಿ, ಕಣದಲ್ಲಿ, ಮಡ್ಡಿಯ ಬುಡದಲ್ಲಿ. ದೊಡ್ಡ ಹೊಲ ಅಂತ ಬೈದುಕೊಂಡಿದ್ದೆ, ಈಗ ಅದು ದೊಡ್ಡದಾಗಿದ್ದೇ ಒಳ್ಳೆಯದಾಯಿತು. ನಾಯಿ ಬೇಲಿಯ ಆಚೆ ಹೋಗುವುದನ್ನು ಬಿಟ್ಟಿತು. ಮೊಣಕಾಲು ಮಾತ್ರ ಸತ್ತುಹೋಯಿತು. ತಟ್ಟಿ ಹೊತ್ತು ಬಂದ ದಿನ ಎಣ್ಣೆ ತಿಕ್ಕುತ್ತ ಹೆಂಡತಿ, ಮುದುಕರಾದ ಮೇಲಾದರೂ ಮನೆಯಲ್ಲಿ ಮಲಗುತ್ತೀರಿ ಅಂದುಕೊಂಡಿದ್ದೆ ಅಂದಳು. ಆದರೆ ಬುತ್ತಿ ಕಟ್ಟಿ ದಡ್ಡಿಗೆ ತರುವುದನ್ನು ಒಂದು ದಿನವೂ ತಪ್ಪಿಸಲಿಲ್ಲ.

ಸುಗ್ಗಿಯಾದ ಮೇಲೆ ದಡ್ಡಿ ಮಡ್ಡಿ ಏರುವ ಮೂಲೆಗೆ ಬಂತು. ಮಗನನ್ನು ಇಟ್ಟ ಮೂಲೆ. ಆ ತುಂಡನ್ನು ದಾಟಿಸಿ ಹೋಗೋಣ ಅಂತ ಮನಸ್ಸು. ಅವನು ಇದ್ದಿದ್ದರೆ ತುಂಡು ಬಿಡುತ್ತಿರಲಿಲ್ಲ, ಒಂದು ಅಂಗೈ ನೆಲ ಗೊಬ್ಬರ ಕಾಣದೆ ಉಳಿದರೂ ಅವನಿಗೆ ಸೇರುತ್ತಿರಲಿಲ್ಲ. ಕಟ್ಟಿದೆ. ನಾಯಿ ಎಂದಿನ ಹಾಗೆ ಸುತ್ತು ಹಾಕಿತು, ಅವನ ಮಣ್ಣಿನ ಮೇಲೆ ನಟ್ಟ ಕಲ್ಲನ್ನೂ ಸೇರಿಸಿ ಸುತ್ತಿತು, ಹೊರಗೆ ಮುಖ ಮಾಡಿ ಮಲಗಿತು. ಅದರ ಬೆನ್ನ ಹಿಂದೆ ಕುರಿ, ಕುರಿಗಳ ಹಿಂದೆ ಅವನು. ಅದಕ್ಕೆ ಗೊತ್ತಿರಲಿಲ್ಲ. ನಾನು ತಲೆಗೆ ಸುತ್ತಿದ ವಸ್ತ್ರ ಬಿಚ್ಚಿ ಮುಖದ ಮೇಲೆ ಹಾಕಿಕೊಂಡು ಕೂತೆ.

ದಡ್ಡಿ ಅಲ್ಲಿ ಇದ್ದಾಗಲೇ ಅವರ ಚಕ್ಕಡಿ ಬಂತು. ಹೋಳಿ ಹುಣ್ಣಿಮೆ ಮುಂದಿತ್ತು. ಬೀಗರು, ಸೊಸೆ, ಅವಳ ತೋಳಿನಲ್ಲಿ ಕೂಸು. ಅವಳ ಪೆಟ್ಟಿಗೆ ಚಕ್ಕಡಿಯಲ್ಲಿ ಇರಲಿಲ್ಲ, ಅದನ್ನು ಮೊದಲು ನೋಡಿದೆ. ಕೂಸಿನ ಮುಖ ತೋರಿಸಿ, ಮಾತು ಮುಗಿಸಿ, ಹೊರಳಿ ಹೋಗಲು ಬಂದಿದ್ದಾರೆ ಅಂತ ತಿಳಿಯಿತು.

ಸೊಸೆ ಮನೆಯ ಕಡೆ ಹೋಗದೆ ಬೇಲಿಯ ಹತ್ತಿರವೇ ಇಳಿದು ದಡ್ಡಿಯ ಕಡೆ ನಡೆದು ಬಂದಳು. ನಾಯಿ ಎದ್ದು ನಿಂತಿತು. ಬಾಲ ಅಲ್ಲಾಡಿತು, ಆದರೆ ಜಾಗ ಬಿಟ್ಟು ಓಡಿ ಬರಲಿಲ್ಲ. ಅವಳು ಹತ್ತಿರ ಹೋದಾಗ ಕೂಸಿನ ಕಾಲು ಮೂಸಿ, ಮತ್ತೆ ತನ್ನ ಜಾಗದಲ್ಲಿ ಮಲಗಿತು. ಅವಳು ಅದನ್ನು ನೋಡಿದಳು, ತಟ್ಟಿ ನೋಡಿದಳು, ಒಳಗಿನ ಕಲ್ಲು ನೋಡಿದಳು. ಆಮೇಲೆ ನನ್ನ ಕಾಲು ನೋಡಿದಳು, ಮೊಣಕಾಲಿಗೆ ಸುತ್ತಿದ ಪಟ್ಟಿಯನ್ನು.

ಬೀಗರು ಹಿಂದಿನಿಂದ ಬಂದು ನಿಂತರು. ಹಿಂಡು ಕೊಟ್ಟುಬಿಟ್ಟೆವು ಅಂದಿದ್ದಿರಲ್ಲ, ಈ ದಡ್ಡಿ ಯಾರದು ಅಂತ ಕೇಳಿದರು. ತಮ್ಮನದು ಅನ್ನಬೇಕಿತ್ತು. ನಾನು ಕೂಸನ್ನು ನೋಡಿ, ಇವಳದು ಅಂದುಬಿಟ್ಟೆ. ಹೋಳಿಗೆಂದು ಮನೆಗೆ ಬಂದಿದ್ದ ತಮ್ಮ ಅಲ್ಲೇ ನಿಂತಿದ್ದ, ಇಲ್ಲ ಅನ್ನಲಿಲ್ಲ. ಬೀಗರು, ಕುರಿ ಇಲ್ಲದ ಮನೆಯಲ್ಲಿ ಮಗಳು ಯಾವುದನ್ನು ನೋಡಿಕೊಂಡು ದಿನ ತಳ್ಳಬೇಕು ಅಂತ ನನಗೆ ಚಿಂತೆಯಾಗಿತ್ತು ಅಂದರು. ಉಡಿಕಿಯ ಮಾತನ್ನೂ ಮುಚ್ಚಿಡದೆ ಹೇಳಿದರು. ಒಳ್ಳೆಯ ಮನೆಯಂತೆ. ನಾನು ಅವಳ ಕಡೆ ತಿರುಗಿ, ನಿನ್ನ ಮನಸ್ಸು ತಾಯಿ, ನಾನು ಬೇಡ ಅನ್ನುವವನಲ್ಲ ಅಂದೆ.

ಅವಳು ಕೂಸನ್ನು ಸೊಂಟದ ಮೇಲೆ ಸರಿಮಾಡಿಕೊಂಡಳು.

"ಅಪ್ಪಾ, ಆ ಪೆಟಗಿ ಸಂತೀ ದಿನ ಬರೂ ಗಾಡ್ಯಾಗ ಕಳಸು. ಮಾವಾರಿಂದ ಇನ್ನ ತಟ್ಟಿ ಹೊರೂದಾಗೂದಿಲ್ಲ. ನಾ ಹೊರತೇನಿ."

ಬೀಗರು ಒಮ್ಮೆ ಮಗಳನ್ನು, ಒಮ್ಮೆ ದಡ್ಡಿಯನ್ನು ನೋಡಿದರು. ಪೇಟ ತೆಗೆದು ತಲೆ ಒರೆಸಿಕೊಂಡು, ಎತ್ತು ಬಿಚ್ಚಿರಿ, ನೀರು ಕುಡಿಸಿರಿ ಅಂತ ಗಾಡಿಯವನಿಗೆ ಹೇಳಿದರು. ಆಗ ಅವಳು ಕೂಸನ್ನು ನನ್ನ ತೋಳಿಗೆ ಕೊಟ್ಟಳು.

ಆ ಸಂಜೆ ಅಂಗಳದಲ್ಲಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತೆವು. ನಾನು, ನನ್ನ ಹೆಂಡತಿ, ತಮ್ಮ, ಅವನ ಹೆಂಡತಿ ಮಕ್ಕಳು, ಬೀಗರು, ಸೊಸೆ. ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ, ಬಿಸಿ ರೊಟ್ಟಿ. ಒಂದು ವರ್ಷದಿಂದ ನಮ್ಮಲ್ಲಿ ಒಬ್ಬೊಬ್ಬರೂ ಒಂದೊಂದು ಹೊತ್ತಿಗೆ, ಒಂದೊಂದು ಮೂಲೆಯಲ್ಲಿ ಉಣ್ಣುತ್ತಿದ್ದೆವು, ಇನ್ನೊಬ್ಬರ ಮುಖ ನೋಡುವುದು ತಪ್ಪಲಿ ಅಂತ. ಬೀಗರು ಹುಗ್ಗಿಗೆ ತುಪ್ಪ ಸಾಕು ಸಾಕು ಅನ್ನುತ್ತಲೇ ಎರಡು ಸಲ ಹಾಕಿಸಿಕೊಂಡರು. ಕೂಸು ನನ್ನ ತೊಡೆಯ ಮೇಲೆ ನಿದ್ದೆ ಹೋಗಿತ್ತು, ನಾನು ಅಲ್ಲಾಡದೆ ಒಂದೇ ಕೈಯಲ್ಲಿ ಉಂಡೆ. ರೊಟ್ಟಿ ಕಡಿಮೆ ಬಿದ್ದವು. ಹೆಂಡತಿಗೆ ಇಷ್ಟು ಮಂದಿಗೆ ಬಡಿಯುವ ಅಂದಾಜು ತಪ್ಪಿಹೋಗಿತ್ತು. ಮತ್ತೆ ಹಿಟ್ಟು ನಾದಲು ಎದ್ದಳು. ಸೊಸೆ ಅವಳ ಸೆರಗು ಹಿಡಿದು ಕೂರಿಸಿ, ತನ್ನ ಗಂಗಾಳದಲ್ಲಿದ್ದ ರೊಟ್ಟಿಯನ್ನು ಮುರಿದು ಅರ್ಧ ಅವಳಿಗೆ ಹಾಕಿದಳು. ಅತ್ತೆ ಸೊಸೆ ಅದನ್ನು ಉಂಡರು, ನಾವು ಹುಗ್ಗಿ ಮುಗಿಸಿದೆವು.